ಒದ್ದೆ ತಟ್ಟೆ

ಭಾನುವಾರ, ಅಂಗಡಿ ಮುಚ್ಚಿದ ಮಧ್ಯಾಹ್ನ

ಮಗಳೇ, ನಿನಗೂ ನಿನ್ನ ಮನೆಯ ಎಲ್ಲರಿಗೂ ಆಶೀರ್ವಾದ.

ನಾವೆಲ್ಲ ಚೆನ್ನಾಗಿದ್ದೇವೆ ಎಂದು ಮೊದಲ ಸಾಲಿನಲ್ಲೇ ಬರೆದುಬಿಡುವುದು ನನ್ನ ಅಭ್ಯಾಸ. ಈ ಸಲ ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಏಕೆಂದರೆ ಈ ವಾರ ನನಗೆ ಏನೋ ಆಗಿದೆ ಎಂದು ನಮ್ಮ ಬೀದಿಯ ಅರ್ಧ ಜನ ನಂಬಿದ್ದಾರೆ. ಆ ಕಥೆ ಹೇಳದೆ ಚೆನ್ನಾಗಿದ್ದೇನೆ ಎಂದು ಬರೆದರೆ ಪೋಸ್ಟಿಗೆ ಹಾಕಲು ಹೋಗುವ ನಿನ್ನ ಅಣ್ಣನೇ ಅದನ್ನು ಹೊಡೆದುಹಾಕಿಯಾನು.

ನಿನ್ನ ಕಾಗದ ಮಂಗಳವಾರ ಬಂತು. ಬಟ್ಟೆಯ ಗಂಜಿ ಮೆತ್ತಿದ ಕೈಯಲ್ಲೇ ಒಡೆದೆ. ಈಗ ಅದರ ಒಂದು ಮೂಲೆ ಅಂಗಿಯ ಕಾಲರಿನ ಹಾಗೆ ಸೆಟೆದು ನಿಂತಿದೆ.

ಅದರಲ್ಲಿ ಸುತ್ತುಬಳಸು ಏನೂ ಇರಲಿಲ್ಲ. ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತಿದ್ದಾಗ ನಿನ್ನ ಮಗಳು, ನಮ್ಮ ಬುಗುರಿ, ತಲೆ ಸುತ್ತಿ ಬಿದ್ದಳು. ಗದ್ದ ತರಚಿತು. ಡಾಕ್ಟರು ನೋಡಿ, ಈ ಮಗು ಹೊಟ್ಟೆಗೆ ಸರಿಯಾಗಿ ತಿನ್ನುತ್ತಿಲ್ಲ, ಬೇರೆ ಕಾಯಿಲೆ ಇಲ್ಲ ಅಂದರು. ಮನೆಯಲ್ಲಿ ಎದುರಿಗೆ ಕೂರಿಸಿಕೊಂಡು ಕೇಳಿದ ಮೇಲೆ, ಎಷ್ಟೋ ದಿನದಿಂದ 'ನನ್ನದಾಯ್ತು' ಎಂದು ಸುಳ್ಳು ಹೇಳಿ, ತಟ್ಟೆಯನ್ನು ನೀರಲ್ಲಿ ಅದ್ದಿ ಇಡುತ್ತಿದ್ದೆ ಎಂದು ಒಪ್ಪಿಕೊಂಡಳು. ಯಾರು ಕಲಿಸಿದರು ಅಂದರೆ 'ಅಜ್ಜಿ' ಅಂದಳು. ಆದ್ದರಿಂದ ಈ ರಜೆಗೆ ಅವಳನ್ನು ಇಲ್ಲಿಗೆ ಕಳಿಸುವುದಿಲ್ಲ, ಇನ್ನು ಮುಂದೆಯೂ ಇಲ್ಲ ಎಂದು ನಿಮ್ಮ ಮನೆಯಲ್ಲಿ ತೀರ್ಮಾನವಾಗಿದೆ. ಅಜ್ಜಿ ಇದಕ್ಕೆ ಏನು ಹೇಳುತ್ತಾರೋ ಬರೆಯಲಿ, ನೋಡೋಣ ಎಂದು ನಿಮ್ಮತ್ತೆಯವರು ಹೇಳಿದ್ದಾರೆ.

ಹೇಳುತ್ತೇನೆ. ನನ್ನ ಕಾಗದ ಬಂದರೆ ಊಟವಾದ ಮೇಲೆ ನಿಮ್ಮತ್ತೆಯವರು ಎಲ್ಲರಿಗೂ ಕೇಳುವ ಹಾಗೆ ಓದುತ್ತಾರೆಂದು ಗೊತ್ತು. ಅವರ ಕನ್ನಡಕದ ತೊಂದರೆಯೂ ಗೊತ್ತಿರುವುದರಿಂದ ಅಕ್ಷರ ದಪ್ಪಗೆ ಬರೆದಿದ್ದೇನೆ. ನಾನು ಅಕ್ಷರ ಕಲಿತದ್ದು ಗಿರಾಕಿಗಳ ಬಟ್ಟೆಗೆ ಗುರುತಿನ ಚೀಟಿ ಬರೆಯಲಿಕ್ಕೆ, ಅದೂ ನನ್ನಷ್ಟಕ್ಕೆ ನಾನೇ. ಉದ್ದ ಮಾತಿಗೆ ಕೈ ಒಗ್ಗಿಲ್ಲ. ಒತ್ತು ದೀರ್ಘ ತಪ್ಪಿದ್ದರೆ ಅವರು ತಿದ್ದಿಕೊಂಡು ಓದಲಿ.

ಹೌದು, ಬೀಗಿತ್ತಿಯವರೇ. ನಾನೇ ಕಲಿಸಿದ್ದು.

ನಮ್ಮ ಮನೆಯ ರೀತಿ ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಇಸ್ತ್ರಿ ಅಂಗಡಿಯಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುವ ಹಾಗಿಲ್ಲ. ಕಾದ ಪೆಟ್ಟಿಗೆಯ ಮುಂದೆ ಒಬ್ಬರು ನಿಂತೇ ಇರಬೇಕು, ಗಿರಾಕಿ ಬಂದರೆ ಒಬ್ಬರು ಮಾತಾಡಬೇಕು. ಒಬ್ಬೊಬ್ಬರೇ ಹಿಂದಿನ ಕೋಣೆಗೆ ಹೋಗಿ, ತಿಂದು, ಅವರವರ ತಟ್ಟೆ ತೊಳೆದು ಗೋಡೆಯ ಸ್ಟ್ಯಾಂಡಿನಲ್ಲಿ ನಿಲ್ಲಿಸಬೇಕು. ತಟ್ಟೆಗಳ ಅಂಚಿನಲ್ಲಿ ಬಟ್ಟೆಗೆ ಹಾಕುವ ಹಾಗೆಯೇ ಗುರುತು ಇದೆ. ಯಾರ ತಟ್ಟೆ ಒಣಗಿದೆಯೋ ಅವರದು ಇನ್ನೂ ಆಗಿಲ್ಲ, ಹೋಗಿ ಪೆಟ್ಟಿಗೆ ಹಿಡಿದು ಅವರನ್ನು ಬಿಡಿಸಬೇಕು. ಒದ್ದೆಯಾಗಿದ್ದರೆ ಆಯಿತು ಎಂದು ಅರ್ಥ. ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಇದು ಗಂಡಸರು ಮಾಡಿಕೊಂಡ ಏರ್ಪಾಡು, ಒಳ್ಳೆಯದೇ.

ಆ ಏರ್ಪಾಡಿನೊಳಗೆ ಹೆಂಗಸರದೊಂದು ಏರ್ಪಾಡು ಇತ್ತು. ನಾನು ಈ ಮನೆಗೆ ಬಂದ ಹೊಸತರಲ್ಲಿ ನನ್ನತ್ತೆ ಕಲಿಸಿದರು. "ಬಡಿಸ್ತಾ ಬಡಿಸ್ತಾ ಪಾತ್ರೆ ಒಳಗೆ ನೋಡಬೇಡ ಕಣೆ. ನೀನು ನೋಡಿದ್ರೆ ಅವರೂ ನೋಡ್ತಾರೆ. ಆಮೇಲೆ ಅವರಿಗೆ ಗಂಟಲಲ್ಲಿ ಇಳಿಯಲ್ಲ," ಅಂದರು. ಕಡಿಮೆ ಬಿದ್ದರೆ ತಟ್ಟೆಯ ಮೇಲೆ ಒಂದು ಲೋಟ ನೀರು ಸುರಿದು ನಿಲ್ಲಿಸಿಬಿಡು, ಯಾರಿಗೂ ಬೇಜಾರಿಲ್ಲ ಅಂದರು. ಅವರು ಅದನ್ನು ಬೇಸರದಿಂದ ಹೇಳಲಿಲ್ಲ. ಕಾಲರಿಗೆ ಎಷ್ಟು ಗಂಜಿ, ತೋಳಿಗೆ ಎಷ್ಟು ಎಂದು ಹೇಳಿಕೊಟ್ಟ ಹಾಗೇ ಹೇಳಿದರು. ನಾನೂ ಹಾಗೇ ಕಲಿತೆ.

ನಿನಗೂ ಹಾಗೇ ಕಲಿಸಿದೆ. ಬಾಗಿಲು ಸದ್ದಾಗದ ಹಾಗೆ ಹಾಕುವುದು, ನಗು ಬಂದರೆ ಒಳಗೆ ಹೋಗಿ ನಗುವುದು, ಗಿರಾಕಿಯ ಬಟ್ಟೆ ಮಡಿಚಿ ಆದ ಮೇಲೆ ಪೆಟ್ಟಿಗೆಯಲ್ಲಿ ಬಿಸಿ ಉಳಿದಿದ್ದರೆ ಮಾತ್ರ ನಿನ್ನ ಲಂಗ. ಬಿಸಿ ಉಳಿಯುತ್ತಿರಲಿಲ್ಲ, ನೀನು ಇಸ್ತ್ರಿಯವನ ಮಗಳಾಗಿಯೂ ಮುದುಡಿದ ಲಂಗದಲ್ಲೇ ಶಾಲೆಗೆ ಹೋದೆ. ನಿನ್ನ ಟೀಚರು ಒಮ್ಮೆ ಅಂಗಡಿಗೇ ಬಂದು ಕೇಳಿದ್ದರು, "ಏನಮ್ಮ, ಊರಿಗೆಲ್ಲ ಇಸ್ತ್ರಿ, ಇವಳಿಗೆ ಇಲ್ವಾ?" ಅಂತ. ನಿಮ್ಮಪ್ಪ ನಕ್ಕರು. ನಾನು ಒಳಗೆ ಹೋಗಿ ನಕ್ಕೆ. ಹೆಣ್ಣುಮಕ್ಕಳನ್ನು ಬೆಳೆಸುವುದು ಎಂದರೆ ಇದು ಎಂದು ತಿಳಿದಿದ್ದೆವು, ಬೇರೆ ಯಾರೂ ಬೇರೆ ಥರ ಹೇಳಲಿಲ್ಲ. ನಿಮ್ಮತ್ತೆಯವರೂ ನಿನ್ನನ್ನು ನೋಡಲು ಬಂದ ದಿನ ಇದನ್ನೇ ಮೆಚ್ಚಿಕೊಂಡರು. "ಹುಡುಗಿ ಓಡಾಡಿದ್ದೇ ಗೊತ್ತಾಗಲ್ಲ," ಅಂದರು. ಅವರಿಗೆ ನೆನಪಿರಬಹುದು.

ಇನ್ನು ಬುಗುರಿಯ ವಿಷಯ. ಕಳೆದ ರಜೆಯಲ್ಲಿ ಅವಳು ಇಲ್ಲಿದ್ದಾಗ ನಿಮ್ಮಪ್ಪನ ಹಳೆಯ ಜೊತೆಗಾರ, ಆ ಬಣ್ಣದ ಕಾರ್ಖಾನೆಯಲ್ಲಿದ್ದವರು, ಹೇಳದೆ ಕೇಳದೆ ಹೆಂಡತಿ ಮಕ್ಕಳ ಸಮೇತ ಸಾಯಂಕಾಲ ಬಂದರು. ಬಂದವರು ಊಟಕ್ಕೆ ನಿಂತರು. ನಾನು ಪಾತ್ರೆಯೊಳಗೆ ನೋಡಲಿಲ್ಲ. ನಿನ್ನ ಅತ್ತಿಗೆಯೂ ನೋಡಲಿಲ್ಲ. ಅವರೆಲ್ಲ ತೃಪ್ತಿಯಾಗಿ ಹೋದರು.

ಬೆಳಿಗ್ಗೆ ಎದ್ದು ಪಾತ್ರೆಯ ಮುಚ್ಚಳ ತೆಗೆದರೆ ಒಬ್ಬರು ಹೊಟ್ಟೆ ತುಂಬ ತಿನ್ನುವಷ್ಟು ಅನ್ನ ಹಾಗೇ ಇತ್ತು. ಹುಳಿವಾಸನೆ ಬಂದಿತ್ತು. ಸ್ಟ್ಯಾಂಡಿನಲ್ಲಿ ನನ್ನದು, ನಿನ್ನ ಅತ್ತಿಗೆಯದು, ಬುಗುರಿಯದು, ಮೂರು ತಟ್ಟೆ ರಾತ್ರಿ ಒದ್ದೆಯಾಗಿ ನಿಂತಿದ್ದು ನನಗೆ ಚೆನ್ನಾಗಿ ನೆನಪಿತ್ತು. ನಾನು ಅವರಿಬ್ಬರಿಗೆ ಉಳಿಸಿದ್ದೆ. ನಿನ್ನ ಅತ್ತಿಗೆ ನಮ್ಮಿಬ್ಬರಿಗೆ ಉಳಿಸಿದ್ದಳು. ಬುಗುರಿ ಯಾರಿಗೆ ಉಳಿಸಿದ್ದಳೋ. ಒಬ್ಬರು ಮೋಸ ಮಾಡಿದರೆ ಇನ್ನೊಬ್ಬರಿಗೆ ಊಟ ಸಿಗುತ್ತದೆ, ಎಲ್ಲರೂ ಮೋಸ ಮಾಡಿದರೆ ಬೀದಿನಾಯಿಗೆ ಸಿಗುತ್ತದೆ.

"ಉಳಿದಿದೆಯಲ್ಲ ಅತ್ತೆ," ಅಂದಳು ನಿನ್ನ ಅತ್ತಿಗೆ, ನನ್ನ ಮುಖ ನೋಡದೆ.

"ಹೌದು, ಉಳಿದಿದೆ," ಅಂದೆ ನಾನು, ಅವಳ ಮುಖ ನೋಡದೆ.

ಬುಗುರಿ ಒಂಟಿಕಾಲಿನಲ್ಲಿ ಒಂದು ಸುತ್ತು ತಿರುಗಿ, ಒಳಗೂ ಹೋಗದೆ, ಅಲ್ಲೇ ಬಾಯಿ ತೆರೆದು ನಕ್ಕಳು.

ಮಗು ನಮ್ಮನ್ನು ನೋಡಿ ಕಲಿತದ್ದು ಅಲ್ಲಿ. ಜಡೆ ಹಾಕಿಕೊಳ್ಳುವುದು, ಗುಂಡಿ ಹೊಲಿಯುವುದು ಹೇಗೋ ಹಾಗೆ ಇದೂ ಒಂದು ದೊಡ್ಡವರ ವಿದ್ಯೆ ಅಂದುಕೊಂಡಿರಬೇಕು. ಆದ್ದರಿಂದ ಬೈಯುವುದಿದ್ದರೆ ನನ್ನನ್ನು ಬೈಯಿರಿ. ನಾನು ಇಷ್ಟು ದೂರದಲ್ಲಿದ್ದೇನೆ, ಬೈಗುಳ ಬರುವಷ್ಟರಲ್ಲಿ ತಣ್ಣಗಾಗಿರುತ್ತದೆ. ಅವಳನ್ನು ಬೈಯಬೇಡಿ. ಮನೆಯಲ್ಲಿ ಬೇರೆ ಯಾರನ್ನೂ ಬೈಯಬೇಡಿ.

ಈಗ ನನಗೆ ಬಂದಿದೆ ಎನ್ನುವ ಕಾಯಿಲೆಯ ವಿಷಯ.

ನಿನ್ನ ಕಾಗದ ಓದಿದ ಮರುದಿನ ಮಧ್ಯಾಹ್ನ ಅಡುಗೆ ಇಳಿಸಿದವಳು ತಟ್ಟೆ ತೆಗೆದುಕೊಂಡು, ಬಡಿಸಿಕೊಂಡು, ಕೂತು ತಿನ್ನಲು ಶುರುಮಾಡಿದೆ. ಎಲ್ಲರಿಗಿಂತ ಮೊದಲು. ಹೀಗೆ ಕೂತರೆ ಹೇಗಿರುತ್ತದೆ ನೋಡೋಣ ಅನ್ನಿಸಿತು, ಅಷ್ಟೇ. ಅನ್ನ ಬಿಸಿಯಿತ್ತು. ಊಟ ಇಷ್ಟು ಬಿಸಿಯಾಗಿರುತ್ತದೆ ಎನ್ನುವುದು ನನಗೆ ಮರೆತುಹೋಗಿತ್ತು, ನಾಲಿಗೆ ಸುಟ್ಟುಕೊಂಡೆ.

ನಿಮ್ಮಪ್ಪ ಕೈ ಒರೆಸಿಕೊಳ್ಳುತ್ತಾ ಬಂದವರು ಬಾಗಿಲಲ್ಲೇ ನಿಂತರು.

"ಏನೇ, ಮೈ ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ಹಸಿವಾಗಿತ್ತು."

"ಹಸಿವಾ?" ಅಂದರು, ಡಾಕ್ಟರು ಹೇಳಿದ ಹೊಸ ಕಾಯಿಲೆಯ ಹೆಸರನ್ನು ಮತ್ತೆ ಕೇಳಿ ಖಚಿತ ಮಾಡಿಕೊಳ್ಳುವವರ ಹಾಗೆ. ಊಟಕ್ಕೆ ಕೂರದೆ ಮುಂದಕ್ಕೆ ಹೋದರು. ಅಲ್ಲಿ ಪಿಸುಪಿಸು ಕೇಳಿಸಿತು. ನಿನ್ನ ಅಣ್ಣ ಒಳಗೆ ಬಂದು ನನ್ನ ಹಣೆ ಮುಟ್ಟಿ ನೋಡಿ, "ಅಮ್ಮಾ, ಎದೆ ಗಿದೆ ಏನಾದ್ರೂ ಹಿಡ್ಕೊಂಡಿದ್ಯಾ? ಮುಚ್ಚಿಡಬೇಡ," ಅಂದ. ಬಾಯಲ್ಲಿ ತುತ್ತಿದ್ದುದರಿಂದ ನಾನು ತಲೆಯಾಡಿಸಿದೆ. ಅದನ್ನು ಅವನು ಹೌದು ಅಂತ ತಿಳಿದು ಕಾಂಪೌಂಡರನ್ನು ಕರೆತರಲು ಓಡಿದ.

ಕಾಂಪೌಂಡರು ಬಂದು ತೋಳಿಗೆ ಪಟ್ಟಿ ಸುತ್ತಿ ಗಾಳಿ ಊದಿದರು. ನಾಡಿ ಹಿಡಿದರು. ಎಲ್ಲ ಸರಿಯಾಗಿದೆ ಅಂದರು.

"ಸರಿಯಾಗಿದ್ರೆ ಇವಳು ಯಾಕೆ ಮೊದಲು ಕೂತ್ಲು?" ಅಂದರು ನಿಮ್ಮಪ್ಪ.

"ಅದು ನನ್ನ ಮೆಷಿನ್ನಲ್ಲಿ ಬರಲ್ಲ ಸ್ವಾಮಿ," ಅಂದು ಕಾಂಪೌಂಡರು ಪಟ್ಟಿ ಸುತ್ತಿಕೊಂಡು ಹೊರಟುಹೋದರು.

ಅಷ್ಟರಲ್ಲಿ ಎದುರಂಗಡಿಯ ಟೈಲರಮ್ಮ ಕುತ್ತಿಗೆಗೆ ಟೇಪು ಹಾಕಿಕೊಂಡೇ ಬಂದಳು. "ಏನಕ್ಕಾ, ಊಟ ಮಾಡಿದ್ರಂತೆ!" ಅಂತ ಬಾಗಿಲಲ್ಲೇ ಕೇಳಿದಳು. ಯಾರೋ ಬಿದ್ದು ಕಾಲು ಮುರಿದುಕೊಂಡರಂತೆ ಅನ್ನುವಾಗ ಎಂಥ ಸ್ವರವೋ ಅಂಥದೇ. ಎಲ್ಲರೂ ನಕ್ಕರು. ನಿನ್ನ ಅತ್ತಿಗೆ ಮಾತ್ರ ನಗಲಿಲ್ಲ. ಮುಖ ಊದಿಸಿಕೊಂಡು ಸಾಯಂಕಾಲದವರೆಗೆ ಆಗಲೇ ಮಡಿಚಿಟ್ಟ ಅಂಗಿಗಳನ್ನೇ ಮತ್ತೆ ಮತ್ತೆ ಮಡಿಚಿದಳು. ಕೊನೆಗೆ ಬಾಯಿಬಿಟ್ಟಳು. "ಅತ್ತೆ, ನಾನೇನಾದ್ರೂ ನಿಮಗೆ ಉಳಿಸದೆ ತಿಂದಿದೀನಾ? ತಿಂದಿದ್ರೆ ಮುಖದ ಮೇಲೆ ಹೇಳಿ. ನಾಲ್ಕು ಜನ ನೋಡೋ ಹಾಗೆ ಹೀಗೆ ಮಾಡಬೇಡಿ."

ನಾನು ಕೂತದ್ದು ಅವಳಿಗೆ ಛೀಮಾರಿಯ ಹಾಗೆ ಕಂಡಿತ್ತು. ನಮ್ಮ ಮನೆಯಲ್ಲಿ ಒಬ್ಬ ಹೆಂಗಸು ಊಟ ಮಾಡಿದರೆ ಅದು ಕಾಯಿಲೆಯಾಗಿರಬೇಕು, ಇಲ್ಲವೇ ಜಗಳವಾಗಿರಬೇಕು. ಮೂರನೆಯ ಕಾರಣ ಯಾರಿಗೂ ಹೊಳೆಯಲಿಲ್ಲ.

ಗುರುವಾರವೂ ಕೂತೆ. ಅವಳನ್ನೂ ಕರೆದೆ. "ನನ್ನದಾಯ್ತು ಅತ್ತೆ," ಅಂದಳು. ಸ್ಟ್ಯಾಂಡಿನಲ್ಲಿ ಅವಳ ತಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಎದ್ದು ಹೋಗಿ ಅದನ್ನು ತೆಗೆದುಕೊಂಡು, ಸೆರಗಿನಲ್ಲಿ ಒರೆಸಿ, ಅದರಲ್ಲೇ ಬಡಿಸಿ ಅವಳ ಮುಂದೆ ಇಟ್ಟೆ. ಅವಳು ಕೂತು ತಿಂದಳು. ಎರಡನೇ ಸಲ ಕೇಳಿ ಹಾಕಿಸಿಕೊಂಡಳು.

ಅವತ್ತು ಗಂಡಸರಿಗೆ ಕಡಿಮೆ ಬಿತ್ತು. ನಾನು ಬಡಿಸುವಾಗ ಪಾತ್ರೆಯೊಳಗೆ ನೋಡಿದೆ. ನನ್ನತ್ತೆ ಹೇಳಿದ್ದು ಸರಿ, ನಾನು ನೋಡಿದರೆ ಅವರೂ ನೋಡುತ್ತಾರೆ. ನಿಮ್ಮಪ್ಪ ಕತ್ತು ಚಾಚಿ ನೋಡಿದರು. ಇಷ್ಟು ವರ್ಷದಲ್ಲಿ ಆ ಪಾತ್ರೆಯ ತಳವನ್ನು ಅವರು ನೋಡಿರಲಿಲ್ಲ ಎಂದು ಕಾಣುತ್ತದೆ.

"ಅಷ್ಟೇನಾ?"

"ಅಷ್ಟೇ."

"ದಿನಾ ಇಷ್ಟೇನಾ ಮಾಡೋದು?"

"ದಿನಾ ಇಷ್ಟೇ."

ನಿಮ್ಮಪ್ಪನ ಮಾತು ನಿನಗೆ ಗೊತ್ತಲ್ಲ, ಅದು ಮರುದಿನ ಬರುತ್ತದೆ. ಶುಕ್ರವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆ ಅಡುಗೆಕೋಣೆಗೆ ಬಂದು, ಅಕ್ಕಿ ಡಬ್ಬಿಯ ಮುಂದೆ ಸುಮ್ಮನೆ ನಿಂತರು. ನಾನು ಅಳೆದು ಹಾಕಿದ ಮೇಲೆ ಡಬ್ಬಿಗೆ ತಾವೇ ಕೈ ಹಾಕಿ ಒಂದು ಹಿಡಿ, ಮತ್ತೊಂದು ಹಿಡಿ ಹಾಕಿ, ಕೈ ಕೊಡವಿಕೊಂಡು ಹೋದರು. ನಿನ್ನೆಯೂ ಹಾಗೇ ಮಾಡಿದರು. ನೀರು ಹೆಚ್ಚು ಹಾಕಬೇಕೆನ್ನುವುದು ಅವರಿಗೆ ಗೊತ್ತಿಲ್ಲ, ಅದನ್ನು ನಾನು ನೋಡಿಕೊಳ್ಳುತ್ತೇನೆ.

ಇನ್ನು ನಾನು ಕೇಳುವುದು ಒಂದೇ. ಬುಗುರಿಯನ್ನು ರಜೆಗೆ ಕಳಿಸಿ. ಅಜ್ಜಿಯಿಂದ ಕೆಟ್ಟದ್ದು ಕಲಿತಳು ಎನ್ನುವುದಾದರೆ ಅದನ್ನು ಬಿಡಿಸಬೇಕಾದವಳೂ ಅಜ್ಜಿಯೇ. ಬೇರೆಯವರು ಎಷ್ಟು ಹೇಳಿದರೂ ಅದು ಮಾತಾಗುತ್ತದೆ, ಅವಳು ಮಾತು ಕೇಳುವ ಮಗುವಲ್ಲ, ನೋಡುವ ಮಗು. ಇಲ್ಲಿ ಅವಳು ಮೊದಲ ಸರದಿಯಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಾಳೆ. ಅವಳ ತಟ್ಟೆಯನ್ನು ನಾನೇ ತೊಳೆಯುತ್ತೇನೆ. ನಿಮ್ಮತ್ತೆಯವರು ದೊಡ್ಡ ಮನಸ್ಸು ಮಾಡಬೇಕು. ಒಂದು ರಜೆ ನೋಡಲಿ. ಮಗು ತೂಕ ಹೆಚ್ಚಿಸಿಕೊಳ್ಳದೆ ಬಂದರೆ ಆಮೇಲೆ ನಾನು ಬಾಯಿ ತೆರೆಯುವುದಿಲ್ಲ.

ಕಾಗದದ ಜೊತೆ ಪೊಟ್ಟಣ ಕಳಿಸಿದ್ದೇನೆ. ಬುಗುರಿ ಹೋದ ಸಲ ಇಲ್ಲೇ ಬಿಟ್ಟುಹೋಗಿದ್ದ ಶಾಲೆಯ ಅಂಗಿಗಳು, ಮತ್ತು ಅಣ್ಣ ಬಂದಾಗ ಕಲೆ ತೆಗೆಯಲು ನೀನು ಕೊಟ್ಟಿದ್ದ ಆಫೀಸಿನ ಬ್ಲೌಸು. ಕಲೆ ಹೋಗಿದೆ. ಅಂಗಿಗಳಿಗೆ ಗಟ್ಟಿ ಗಂಜಿ ಹಾಕಿದ್ದೇನೆ, ಕಾಲರಿನೊಳಗಿನ ರಟ್ಟನ್ನು ನೀನೇ ಕೂತು ತೆಗಿ. ಬೇರೆಯವರು ಎಳೆದರೆ ಮಡಿಕೆ ಕೆಡುತ್ತದೆ. ನಮ್ಮಂಗಡಿಯ ಮಡಿಕೆ ನಿನ್ನ ಕೈಗೆ ಗೊತ್ತು.

ಅಳಿಯಂದಿರಿಗೆ ಕೆಮ್ಮು ಕಡಿಮೆಯಾಯಿತೇ? ನಿಮ್ಮತ್ತೆಯವರ ಮಂಡಿನೋವಿಗೆ ಬಿಸಿ ಇಸ್ತ್ರಿ ಬಟ್ಟೆ ಒತ್ತಿದರೆ ಹಿತವಾಗುತ್ತದೆ, ಪೆಟ್ಟಿಗೆಯನ್ನಲ್ಲ, ಬಟ್ಟೆಯನ್ನು. ಓದುವಾಗ ಅವರು ಇಲ್ಲಿ ನಗಲಿ ಎಂದೇ ಬರೆದೆ.

ನಾವೆಲ್ಲ ಚೆನ್ನಾಗಿದ್ದೇವೆ. ಕಾಂಪೌಂಡರೂ ಹಾಗೇ ಹೇಳಿದ್ದಾರೆ.

ಇಂತಿ,
ಮೊದಲು ಊಟ ಮುಗಿಸಿ ಬರೆಯಲು ಕೂತ
ನಿನ್ನ ಅಮ್ಮ

ತಾ. ಕ.

ಈ ಚೀಟಿ ನಿನ್ನ ಕೈಗೆ ಸಿಕ್ಕಿದೆ ಎಂದರೆ ಕಾಲರಿನ ರಟ್ಟನ್ನು ನೀನೇ ತೆಗೆದೆ ಎಂದಾಯಿತು. ಇದು ನಿನ್ನೊಬ್ಬಳಿಗೆ. ಓದಿ ಒಲೆಗೆ ಹಾಕು.

ಬುಗುರಿಗೆ ನಾನು ಏನೂ ಕಲಿಸಲಿಲ್ಲ. ಅವಳು ಕಲಿತೇ ಬಂದಿದ್ದಳು. ಅನ್ನ ಹುಳಿಯಾದ ಆ ಬೆಳಿಗ್ಗೆ ಅವಳನ್ನು ಇಸ್ತ್ರಿ ಮೇಜಿನ ಮೇಲೆ ಹತ್ತಿಸಿ ಕೂರಿಸಿ ಕೇಳಿದೆ. ಹೇಳಿದಳು. "ಬರೀ ನೀರು ಹಾಕಿದ್ರೆ ಗೊತ್ತಾಗ್ಬಿಡತ್ತೆ ಅಜ್ಜಿ. ಮೊದಲು ತಟ್ಟೆಗೆ ಒಂಚೂರು ಬೇಳೆ ಸವರಬೇಕು, ಆಮೇಲೆ ತೊಳೀಬೇಕು. ಅಮ್ಮ ಹಾಗೇ ಮಾಡೋದು." ಬೇಳೆ ಸವರುವುದು ನನಗೂ ಗೊತ್ತಿರಲಿಲ್ಲ, ನನ್ನತ್ತೆಗೂ ಗೊತ್ತಿರಲಿಲ್ಲ. ಅದು ನೀನು ಸೇರಿಸಿದ್ದು.

ನೀನು ಯಾಕಮ್ಮ ಹಾಗೆ ಮಾಡ್ತೀಯ ಎಂದು ಕೇಳಿದೆ. "ನಾನು ತಿನ್ನದಿದ್ರೆ ಅಮ್ಮಂಗೆ ಉಳಿಯತ್ತಲ್ಲ. ಆದ್ರೆ ಅಮ್ಮ ತಿನ್ನಲ್ಲ, ಬೆಳಿಗ್ಗೆ ಅಪ್ಪನ ಡಬ್ಬಿಗೆ ಹಾಕ್ತಾಳೆ," ಅಂದಳು. ಇನ್ನು ಹೀಗೆ ಮಾಡುವುದಿಲ್ಲ ಎಂದು ನನಗೆ ಮಾತು ಕೊಟ್ಟು ಹೋದಳು. ಆದರೂ ಮಾಡಿದ್ದಾಳೆ. ಯಾರು ಕಲಿಸಿದರು ಎಂದು ನಿಮ್ಮ ಮನೆಯಲ್ಲಿ ಕೇಳಿದಾಗ ನಿನ್ನ ಹೆಸರು ಬರಬಾರದೆಂದು ನನ್ನ ಹೆಸರು ಹೇಳಿದ್ದಾಳೆ. ಸರಿಯಾಗಿ ಯೋಚಿಸಿದ್ದಾಳೆ. ಅದಕ್ಕೇ ನಾನೂ ಮೇಲೆ ಹೌದು ಎಂದು ಬರೆದೆ. ಅವಳ ಮಾತು ಸುಳ್ಳಾಗುವುದು ಬೇಡ.

ನಿಮ್ಮತ್ತೆಯ ಒದ್ದೆ ತಟ್ಟೆಯನ್ನೂ ಒಮ್ಮೆ ಮೂಸಿ ನೋಡು, ಊಟದ ವಾಸನೆ ಇದೆಯೋ ಬರೀ ನೀರೋ ಅಂತ. ಅವರೂ ನಮ್ಮ ಥರದವರೇ ಇರಬಹುದು.

ನಿನ್ನ ಬ್ಲೌಸಿಗೆ ಇಸ್ತ್ರಿ ಹಾಕುವಾಗ ಕೊಕ್ಕೆಗಳು ಹಳೆಯ ಜಾಗದಲ್ಲಿ ಇರಲಿಲ್ಲ. ಒಳಗೆ ಸರಿದಿದ್ದವು. ಅದಕ್ಕೂ ಒಳಗೆ ಇನ್ನೊಂದು ಸಲ ಸರಿದಿದ್ದವು. ಬಿಚ್ಚಿದ ಹೊಲಿಗೆಯ ಗೆರೆ ಬಿಸಿಗೆ ಎದ್ದು ಕಾಣುತ್ತದೆ. ಟೈಲರಮ್ಮನಿಗೆ ಕೊಟ್ಟು ಎಲ್ಲ ಕೊಕ್ಕೆಗಳನ್ನೂ ಬಿಚ್ಚಿಸಿ ಮೊದಲಿನ ಗೆರೆಯ ಮೇಲೇ ಹೊಲಿಸಿದ್ದೇನೆ. ಹಾಕಿಕೊಂಡರೆ ಈಗ ದೊಗಲೆಯಾಗುತ್ತದೆ. ಆಗಲಿ. ಅದನ್ನೇ ಹಾಕಿಕೊಂಡು ಬಾ. ಮಗುವನ್ನು ಬಿಟ್ಟುಬರುತ್ತೇನೆಂದು ಹೇಳಿ ಅವಳ ಜೊತೆಗೆ ನೀನೂ ಬಾ. ಅದು ನಿನ್ನ ಮೈಗೆ ಸರಿಯಾಗುವವರೆಗೆ ವಾಪಸು ಕಳಿಸುವುದಿಲ್ಲ, ಯಾರು ಏನೇ ಬರೆಯಲಿ.

ನಿಮ್ಮಪ್ಪನಿಗೆ ಎಲ್ಲ ಹೇಳಿದೆ. ಅವರು ಇವತ್ತು ಬೆಳಿಗ್ಗೆ ಅಟ್ಟದಿಂದ ನಿನ್ನ ಹಳೆಯ ತಟ್ಟೆಯನ್ನು ಇಳಿಸಿ, ತೊಳೆದು, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ್ದಾರೆ. ಒಣಗಿದೆ.